ಚಪ್ಪರಕ್ಕೂ ವಾಟ ಬೇಕ್ರಿ

ಆಗಸ್ಟ್ ಹಿಡಿದರೆ ಸಾಕು, ನನ್ನ ವರ್ಕ್‌ಶಾಪಿನ ಗೋಡೆಗೆ ಆನಿಂಗುಗಳ, ಅಂದರೆ ಗಾಡಿಯ ಮಗ್ಗುಲಿಗೆ ಬಿಡಿಸುವ ಬಟ್ಟೆಯ ಚಪ್ಪರಗಳ, ಸೊಟ್ಟ ತೋಳುಗಳು ಬಂದು ಒರಗುತ್ತವೆ. ನಡುವೆ ಬಾಗಿದ ರೋಲರ್ ಪೈಪು, ಸ್ಕ್ರೂ ಸಮೇತ ಕಿತ್ತು ಬಂದ ಅಲ್ಯೂಮಿನಿಯಂ ಪಟ್ಟಿ, ಒಂದೇ ಮೂಲೆಯಲ್ಲಿ ಹರಿದ ಬಟ್ಟೆ. ತಂದವರು ಗಾಡಿಯಿಂದ ಇಳಿಯುತ್ತಲೇ ಹೇಳುವ ಮಾತೂ ಒಂದೇ: "ಅರಿವಿ ಭಾಳ ಹಗುರ ಹಾಕಿದ್ರಿ. ಈ ಸಲ ದಪ್ಪಂದು ಹಾಕ್ರಿ, ರೊಕ್ಕ ಹೆಚ್ಚಿಗಿ ಆದ್ರೂ ಅಡ್ಡಿ ಇಲ್ಲ."

ಹಾಕಿಕೊಡಬಹುದು. ಮುಂದಿನ ಮಳೆಗಾಲಕ್ಕೆ ಅದೇ ಗಾಡಿ ಅದೇ ಜಾಗದಲ್ಲಿ ಮತ್ತೆ ಬಂದು ನಿಲ್ಲುತ್ತದೆ. ದಪ್ಪ ಬಟ್ಟೆ ಸುತ್ತಿದಾಗ ಸುರುಳಿ ದೊಡ್ಡದಾಗುತ್ತದೆ, ಕವರಿನೊಳಗೆ ಕೂಡುವುದಿಲ್ಲ. ಒಳಗಿನ ಸ್ಪ್ರಿಂಗಿನ ಶಕ್ತಿ ಮೊದಲಿನ ಬಟ್ಟೆಯ ತೂಕಕ್ಕೆ ಹೊಂದಿಸಿದ್ದು. ಹೊಸ ಭಾರವನ್ನು ಅದು ಎಳೆಯುವುದಿಲ್ಲ. ಇಷ್ಟಾಗಿಯೂ ನೀರು ಮೊದಲಿನ ಹಾಗೇ ನಿಲ್ಲುತ್ತದೆ, ಯಾಕೆಂದರೆ ತಪ್ಪಿದ್ದು ಬಟ್ಟೆಯಲ್ಲಿ ಅಲ್ಲವೇ ಅಲ್ಲ, ವಾಟದಲ್ಲಿ, ಅಂದರೆ ನೀರು ಹರಿದುಹೋಗಲು ಕೊಡುವ ಇಳಿಜಾರಿನಲ್ಲಿ.

ವಾಟ ಅಂದರೆ ಏನೆಂದು ನಮ್ಮ ಕಡೆ ಯಾರಿಗೂ ಹೇಳಬೇಕಿಲ್ಲ. ಬಚ್ಚಲಿಗೆ ಶಹಾಬಾದ್ ಕಲ್ಲು ಹಾಸುವಾಗ ಗೌಂಡಿಯ ಪಕ್ಕದಲ್ಲೇ ನಿಂತು "ನೀರು ನಿಲ್ಲಬಾರದು ನೋಡಪಾ" ಎಂದು ಹತ್ತು ಸಲ ಹೇಳುವ ಜನ ನಾವು. ಅದೇ ಜನ ಗಾಡಿಯ ಮಗ್ಗುಲಿನ ಆನಿಂಗನ್ನು ಕೇರಂ ಬೋರ್ಡಿನಂತೆ ಮಟ್ಟಸವಾಗಿ ಬಿಡಿಸಿ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಾಕೆ ಎಂದು ಕೇಳಿದರೆ, ಒಂದು ಕಡೆ ಇಳಿಸಿದರೆ ಶೋ ಕೆಡುತ್ತದಂತೆ.

ಅಪ್ಪ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಲಾರಿಗಳ ತಾಡಪತ್ರಿ ಹೊಲಿಯುತ್ತಿದ್ದರು. ನಾನು ಅಂಗಡಿ, ಮನೆ, ದವಾಖಾನೆಗಳ ಮುಂದೆ ಮಡಚುವ ಆನಿಂಗ್ ಕೂಡಿಸುತ್ತ ಬಂದವನು. ಈಚಿನ ವರ್ಷಗಳಲ್ಲಿ ಗಾಡಿಗಳೂ ಬರುತ್ತಿವೆ. ಟೆಂಪೋ ಟ್ರಾವೆಲರನ್ನೋ ಹಳೆಯ ಮಿನಿ ಬಸ್ಸನ್ನೋ ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಮಾಡಿಸಿಕೊಂಡು ಗಾಣಗಾಪುರ, ತುಳಜಾಪುರ, ಪಂಢರಪುರ, ಶ್ರೀಶೈಲ ಎಂದು ತಿರುಗುವ ಕುಟುಂಬಗಳು. ಕ್ಯಾರಾವಾನ್ ಎಂಬ ಹೆಸರು ಇದ್ದರೂ ನಮ್ಮಲ್ಲಿ ಅದು "ಮನಿ ಗಾಡಿ". ಈ ಜನರನ್ನು ಕಂಡರೆ ನನಗೆ ಪ್ರೀತಿ. ಮುದುಕರನ್ನು, ಮಕ್ಕಳನ್ನು ಕರೆದುಕೊಂಡು ಹೊರಟಿರುತ್ತಾರೆ. ಆ ಚಪ್ಪರದ ಕೆಳಗೆ ರೊಟ್ಟಿ ಬಡಿಯುತ್ತಾರೆ, ರಾತ್ರಿ ಅಲ್ಲೇ ಚಾಪೆ ಹಾಸುತ್ತಾರೆ. ಹಾಗಾಗಿಯೇ ಈ ವಿಷಯದಲ್ಲಿ ನಾನು ಸುಮ್ಮನಿರಲಾರೆ.

ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು, ಅಂದರೆ 1 ಕಿಲೋ ಭಾರ. 10 ಅಡಿ ಉದ್ದ, 8 ಅಡಿ ಚಾಚು ಇರುವ ಆನಿಂಗ್ ಎಂದರೆ ಸುಮಾರು 7.4 ಚದರ ಮೀಟರ್. 20 ಮಿಲಿಮೀಟರ್ ಮಳೆ ನಮ್ಮಲ್ಲಿ ಸೆಪ್ಟೆಂಬರಿನ ಒಂದು ಸಂಜೆಯ ಮಾತು. ಅಷ್ಟಕ್ಕೇ 148 ಕಿಲೋ ನೀರು ಆ ಬಟ್ಟೆಯ ಮೇಲೆ ಬೀಳುತ್ತದೆ, 50 ಕಿಲೋದ ಮೂರು ತೊಗರಿ ಚೀಲದಷ್ಟು. ಪೂರ್ತಿ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಮೂರರಲ್ಲಿ ಒಂದು ಪಾಲು ನಿಂತರೂ ಒಂದು ಚೀಲ ತೊಗರಿಯನ್ನು ಬಟ್ಟೆಯ ನಡುವೆ ಇಟ್ಟ ಹಾಗಾಯಿತು. ಅಂಗೈಗಿಂತ ಸಣ್ಣ ಬ್ರಾಕೆಟ್ಟಿನ ಮೇಲೆ ನಿಂತ ತೋಳು ಅದನ್ನು ಎಷ್ಟು ಹೊತ್ತು ಹೊರಬೇಕು?

"ನಿಂತದ್ದು ನಾಕು ಬೆರಳು ನೀರು ಅಷ್ಟೇ ರೀ" ಎನ್ನುತ್ತಾರೆ. ಅಪಾಯ ಆ ನಾಲ್ಕು ಬೆರಳಿನಲ್ಲೇ ಇದೆ. ನೀರು ನಿಂತಲ್ಲಿ ಬಟ್ಟೆ ಜೋಲುತ್ತದೆ, ಜೋತಲ್ಲಿಗೆ ಸುತ್ತಲಿನ ನೀರು ಹರಿದು ಬರುತ್ತದೆ, ಬಂದ ಭಾರಕ್ಕೆ ಬಟ್ಟೆ ಇನ್ನಷ್ಟು ಜೋಲುತ್ತದೆ. ಮಳೆ ನಿಲ್ಲುವ ತನಕ ಇದು ನಿಲ್ಲುವುದಿಲ್ಲ.

ಇನ್ನು ಕೆಲವರು ವಾಟ ಕೊಡುತ್ತಾರೆ, ಆದರೆ ಅರ್ಧ ಕೊಡುತ್ತಾರೆ. ಅವರಿಗೆ ತಿಳಿಸುವುದೇ ನನಗೆ ಹೆಚ್ಚು ಕಷ್ಟ. ಗಾಡಿಯ ಕಡೆ ಎತ್ತರ, ಹೊರಗಿನ ಅಂಚು ತಗ್ಗು. ಇಷ್ಟಾದರೆ ಸಾಕು ಎಂದುಕೊಂಡಿರುತ್ತಾರೆ. ಸಾಲದು. ಹೊರಗಿನ ಅಂಚಿನಲ್ಲಿ ಏನಿದೆ ಎಂದು ಒಮ್ಮೆ ಗಮನಿಸಿ. ಅಲ್ಲಿ ಇರುವುದು ರೋಲರ್ ಪೈಪು, ಬಟ್ಟೆ ಅದರ ಮೇಲೆ ಹಾಯ್ದು ಸುತ್ತಿಕೊಂಡಿರುತ್ತದೆ. ಹೊಲಕ್ಕೆ ಒಡ್ಡು ಹಾಕಿದ ಹಾಗೆ. ಇಳಿಜಾರಿನಲ್ಲಿ ಹರಿದು ಬಂದ ನೀರು ಒಡ್ಡಿನ ತನಕ ಬಂದು ಅಲ್ಲೇ ನಿಲ್ಲುತ್ತದೆ. ಒಡ್ಡು ಒಡೆಯಬಾರದೆಂದರೆ ರೈತ ಒಂದು ಮೂಲೆಯಲ್ಲಿ ಕೋಡಿ ಬಿಡುತ್ತಾನೆ. ನೀವೂ ಅದನ್ನೇ ಮಾಡಬೇಕು. ರೋಲರಿನ ಒಂದು ತುದಿಯನ್ನು ಇನ್ನೊಂದಕ್ಕಿಂತ ಕನಿಷ್ಠ ಒಂದು ಅಡಿ ಕೆಳಗೆ ಇಳಿಸಬೇಕು. ಆಗ ಒಡ್ಡಿನ ಗುಂಟ ನೀರು ಆ ಮೂಲೆಗೆ ಓಡಿ ಧಾರೆಯಾಗಿ ಬೀಳುತ್ತದೆ. ಹೊರಕ್ಕೆ ಒಂದು ವಾಟ, ಮಗ್ಗುಲಿಗೆ ಒಂದು ವಾಟ. ಎರಡೂ ಬೇಕು.

ಹೊರಕ್ಕಿನ ವಾಟಕ್ಕೆ ನಾನು ಹಿಡಿಯುವ ಅಳತೆ ಅಡಿಗೆ 3 ಇಂಚು, ಹತ್ತಿರ ಹತ್ತಿರ 14 ಡಿಗ್ರಿ. 8 ಅಡಿ ಚಾಚಿಗೆ 2 ಅಡಿ ಇಳಿತ. ಬಟ್ಟೆಯ ಒಳ ಅಂಚು ಹಿಡಿದಿರುವ ಗಾಡಿಯ ಪಟ್ಟಿ ಎಂಟೂವರೆ ಅಡಿ ಎತ್ತರದಲ್ಲಿದ್ದರೆ ಹೊರ ಅಂಚು ಆರೂವರೆಗೆ ಬರುತ್ತದೆ, ತಗ್ಗಿಸಿದ ಮೂಲೆ ಐದೂವರೆಗೆ. ಹೌದು, ಆ ಮೂಲೆಯಲ್ಲಿ ತಲೆ ಬಡಿಯುತ್ತದೆ. ಅದಕ್ಕೆ ತಗ್ಗಿಸುವ ಮೂಲೆಯನ್ನು ಬಾಗಿಲಿನಿಂದ, ಒಲೆಯಿಂದ ದೂರ ಆರಿಸಿಕೊಳ್ಳಿ. ಗಾಡಿಯೇ ಯಾವ ಕಡೆ ವಾಲಿ ನಿಂತಿದೆ ಎಂಬುದನ್ನೂ ನೋಡಿ. ಮೂತಿ ತಗ್ಗಿಗೆ ಇದ್ದರೆ ಮುಂದಿನ ಮೂಲೆಯನ್ನೇ ಇಳಿಸಿ. ಗಾಡಿ ಮುಂದಕ್ಕೆ ವಾಲಿ, ಆನಿಂಗ್ ಹಿಂದಕ್ಕೆ ಇಳಿದರೆ ಒಂದು ವಾಟ ಇನ್ನೊಂದನ್ನು ತಿಂದುಹಾಕಿ ಬಟ್ಟೆ ಮತ್ತೆ ಮಟ್ಟಸವೇ ಆಗುತ್ತದೆ. ನಿಮ್ಮ ಆನಿಂಗ್ ಮಾಡಿದ ಕಂಪನಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ, ಒಂದೊಂದು ತೋಳಿನ ರಚನೆ ಒಂದೊಂದು ಥರ ಇರುತ್ತದೆ.

ಅಳತೆ ಟೇಪು ಇಲ್ಲದವರಿಗೆ ತಂಬಿಗೆ ಇದ್ದರೆ ಸಾಕು. ಆನಿಂಗ್ ಬಿಡಿಸಿ ಕಟ್ಟಿದ ಮೇಲೆ ಸ್ಟೂಲ್ ಹತ್ತಿ, ಗಾಡಿಯ ಪಟ್ಟಿಯ ಹತ್ತಿರ, ಸರಿಯಾಗಿ ನಡುವೆ, ಒಂದು ತಂಬಿಗೆ ನೀರು ಮೆಲ್ಲಗೆ ಸುರಿಯಿರಿ. ಮೊದಲು ಅಗಲವಾಗಿ ಹರಡುತ್ತದೆ, ಆಮೇಲೆ ನಾಲಗೆಯ ಹಾಗೆ ಕೆಳಗೆ ಚಾಚುತ್ತದೆ, ರೋಲರಿಗೆ ತಾಗಿ ಒಂದು ಗಳಿಗೆ ತಡೆಯುತ್ತದೆ. ಆ ಗಳಿಗೆಯಲ್ಲಿ ಅದು ಮಗ್ಗುಲಿಗೆ ತಿರುಗಿ ಮೂಲೆಗೆ ಓಡಬೇಕು. ಅಲ್ಲೇ ನಿಂತು ಮಿರುಗಿದರೆ ಮೂಲೆಯನ್ನು ಇನ್ನೂ ನಾಲ್ಕು ಬೆರಳು ಇಳಿಸಿ ಮತ್ತೆ ಸುರಿಯಿರಿ. ಎರಡು ನಿಮಿಷದ ಕೆಲಸ.

ಇಷ್ಟು ಹೇಳಿದ ಮೇಲೂ ಒಬ್ಬ ನಿವೃತ್ತ ಮಾಸ್ತರರು ಗಾಣಗಾಪುರಕ್ಕೆ ಹೋದಾಗ ನಡುವೆ ಒಂದು ಬಿದಿರು ಗಳ ಕೊಟ್ಟು ಎತ್ತಿ ನಿಲ್ಲಿಸಿದ್ದರು, ಗುಡಾರದ ಹಾಗೆ. ನೀರು ಎರಡೂ ಕಡೆ ಹರಿದುಹೋಗಲಿ ಎಂದು ಅವರ ಯೋಚನೆ. ಭೀಮಾ ಅಮರ್ಜಾ ಕೂಡುವ ಸಂಗಮದ ಹತ್ತಿರ ಗಾಡಿ ನಿಲ್ಲಿಸಿದ್ದರು. ರಾತ್ರಿ ಮಳೆ ಬಂತು. ಗಳದ ಎಡಕ್ಕೊಂದು ಕೆರೆ, ಬಲಕ್ಕೊಂದು ಕೆರೆ. ನಸುಕಿನಲ್ಲಿ ಬಿದಿರಿನ ತುದಿ ಬಟ್ಟೆ ಸೀಳಿ ಮೇಲೆ ಬಂತು, ಆನಿಂಗಿನ ಬಲಗಡೆಯ ತೋಳು ಮೊಣಕೈಯಲ್ಲಿ ಮುರಿಯಿತು. ವರ್ಕ್‌ಶಾಪಿಗೆ ಬಂದಾಗ ಮಾಸ್ತರರು ಮಾತಾಡಲಿಲ್ಲ, ಅವರ ಮನೆಯವರೇ ಹೇಳಿದರು: "ನಾ ಹೇಳೀನ್ರಿ, ಅವರು ಮೂಲಿ ಇಳಿಸಂದಾರ, ಗಳ ಕೊಡಬ್ಯಾಡ್ರಿ ಅಂತ. ಕೇಳಲಿಲ್ಲ."

"ಹೋಗ್ಲಿ ಬಿಡ್ರಿ ಅಮ್ಮಾರ, ಮಂದಿಗಿ ಏನೂ ಆಗಿಲ್ಲಲಾ" ಎಂದೆ.

ವಾಟ ಕೊಡದ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಕಸುಬಿಗೆ ಹೊಸಬನಿದ್ದಾಗ ಒಂದು ದವಾಖಾನೆಯ ಮುಂದೆ, ಬೋರ್ಡು ಮುಚ್ಚಬಾರದು ಎಂದು ಮಾಲೀಕರು ಹಟ ಹಿಡಿದರೆಂದು ಸಪಾಟಾಗಿ ಆನಿಂಗ್ ಕೂಡಿಸಿಕೊಟ್ಟೆ. ಸೆಪ್ಟೆಂಬರಿನ ಒಂದು ರಾತ್ರಿ ಅದು ನೀರಿನ ಸಮೇತ ಕೆಳಗೆ ಬಂತು. ರೋಗಿಗಳ ಕಡೆಯವರು ದಿನಾಲೂ ಅಲ್ಲೇ ಮಲಗುತ್ತಿದ್ದರು. ಅವತ್ತು ಮಳೆ ಜೋರಾಗಿದ್ದರಿಂದ ಎದ್ದು ಒಳಗೆ ಹೋಗಿದ್ದರು. ಬೆಳಿಗ್ಗೆ ಹೋಗಿ ನೋಡಿದಾಗ ಪೈಪಿನ ಕೆಳಗೆ ಒಂದು ಹಾಸಿಗೆ ಸುರುಳಿ ಬಿದ್ದಿತ್ತು. ಅಂದಿನಿಂದ ವಾಟ ಬೇಡ ಎನ್ನುವ ಗಿರಾಕಿಗೆ ಕೈ ಮುಗಿದು ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುತ್ತೇನೆ.

ಈಗ ಬಟ್ಟೆ ಬದಲಿಸುವ ಮಾತು. ನಿಜವಾಗಿಯೂ ಹಳತಾದ ಬಟ್ಟೆ ಬದಲಿಸಲೇಬೇಕು. ಬೆಳಕಿಗೆ ಹಿಡಿದರೆ ಸೂಜಿ ಕಣ್ಣುಗಳು ಹೊಳೆಯುತ್ತವೆ, ಮಡಿಕೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಬಟ್ಟೆಗಿಂತ ಮೊದಲು ಸಾಯುವುದು ದಾರ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಹತ್ತಿ ದಾರ ಹಾಕಿ ಹೊಲಿಸಬೇಡಿ; ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ ಕೇಳಿ. ಪಿವಿಸಿ ಲೇಪದ ಬಟ್ಟೆ ನೀರನ್ನು ಒಳಗೆ ಬಿಡುವುದಿಲ್ಲ, ಅಗ್ಗ, ಆದರೆ ವರ್ಷ ಕಳೆದಂತೆ ಗಡುಸಾಗುತ್ತದೆ. ಅಕ್ರಿಲಿಕ್ ಬಟ್ಟೆಗೆ ಗಾಳಿ ಆಡುತ್ತದೆ, ಬಣ್ಣ ಬೇಗ ಮಾಸುವುದಿಲ್ಲ, ಆದರೆ ಮಳೆಯಲ್ಲಿ ಒಳಗಿನಿಂದ ಕೈ ತಾಗಿಸಿದರೆ ಅಲ್ಲಿ ಜಿನುಗಬಹುದು. ಗಾಡಿಯಲ್ಲಿ ಮಳೆಗಾಲದಲ್ಲೇ ತಿರುಗುವವರಾದರೆ ಪಿವಿಸಿ, ಬಿಸಿಲಿಗೆ ನೆರಳು ಬೇಕೆನ್ನುವವರಿಗೆ ಅಕ್ರಿಲಿಕ್.

ಹಳೆಯ ಬಟ್ಟೆಯನ್ನು ಅಳೆದು ಫೋನಿನಲ್ಲಿ ಅಳತೆ ಹೇಳಬೇಡಿ. ಅದು ಜೋತು ಹಿಗ್ಗಿರುತ್ತದೆ, ಇಲ್ಲವೇ ಕುಗ್ಗಿರುತ್ತದೆ. ಅಳೆಯಬೇಕಾದ್ದು ಪಟ್ಟಿಯನ್ನು, ರೋಲರನ್ನು, ಎರಡು ತೋಳುಗಳ ನಡುವಿನ ಅಂತರವನ್ನು.

ಸ್ಪ್ರಿಂಗ್ ಇರುವ ರೋಲರನ್ನು ಮಾತ್ರ ನೀವಾಗಿ ಬಿಚ್ಚಬೇಡಿ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಪೈಪಿನ ತುದಿಯೊಳಗೆ ಬಿಗಿದು ಸುತ್ತಿದ ಸ್ಪ್ರಿಂಗ್ ಇರುತ್ತದೆ. ಪಿನ್ನು ಹಾಕಿ ಲಾಕ್ ಮಾಡದೆ ತೋಳಿನಿಂದ ಬಿಡಿಸಿದರೆ ತುದಿಯ ಮುಚ್ಚಳ ಗಿರ್ರನೆ ತಿರುಗಿ ಬೆರಳು ಮುರಿಯುತ್ತದೆ. ನಾವು ಲಾಕ್ ಮಾಡಿ, ಸಡಿಲಿಸುವಾಗ ಎಷ್ಟು ಸುತ್ತು ಬಿಚ್ಚಿತೆಂದು ಜೋರಾಗಿ ಎಣಿಸಿ, ಸೀಮೆಸುಣ್ಣದಲ್ಲಿ ಗೋಡೆಗೆ ಬರೆದುಕೊಂಡು, ಹೊಸ ಬಟ್ಟೆ ಹಾಕಿದ ಮೇಲೆ ಅಷ್ಟೇ ಸುತ್ತು ಕೊಡುತ್ತೇವೆ. ಬಟ್ಟೆಯ ಅಂಚಿನ ಹಗ್ಗವನ್ನು ಪಟ್ಟಿಯ ಸಂದಿನೊಳಗೆ ಜಾರಿಸುವ ಮೊದಲು ಸಂದನ್ನು ಬ್ರಶ್ಶಿನಿಂದ ತಿಕ್ಕಿ, ಬಾಯಿಯ ಚೂಪು ಅಂಚಿಗೆ ಅರ ಹಾಕಬೇಕು. ಇಲ್ಲದಿದ್ದರೆ ಹೊಸ ಬಟ್ಟೆ ಒಳಗೆ ಹೋಗುವಾಗಲೇ ಹರಿಯುತ್ತದೆ. ಮೂರು ಜನ ಬೇಕು. ಸ್ಕ್ರೂ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಪಟ್ಟಿಗೆ ಕಬ್ಬಿಣದ ಸ್ಕ್ರೂ ಹೊಡೆದರೆ ನೀರು ಬಿದ್ದಾಗ ಸುತ್ತಲೂ ಕೊರೆದು ತೂತು ದೊಡ್ಡದಾಗುತ್ತದೆ. ಸ್ಕ್ರೂ ಹೊರಗಿನ ತಗಡಿಗಷ್ಟೇ ಕಚ್ಚದೆ ಒಳಗಿನ ಪೈಪಿಗೆ ಕೂಡಬೇಕು.

ತೊಳೆಯಲು ಸೌಮ್ಯ ಸೋಪು, ಮೆದು ಬ್ರಶ್ಶು, ಬರೀ ನೀರು. ಸೀಮೆ ಎಣ್ಣೆ, ಥಿನ್ನರ್, ಬ್ಲೀಚು ಯಾವುದೂ ಬೇಡ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ, ಮಳಖೇಡ ಕಡೆ ಓಡಾಡುವ ಗಾಡಿಗಳವರು ಮೊದಲು ಒಣಗಿದ್ದಾಗಲೇ ಪೊರಕೆಯಿಂದ ಧೂಳು ಹೊಡೆಯಬೇಕು. ಸಿಮೆಂಟ್ ಧೂಳಿನ ಮೇಲೆ ನೇರವಾಗಿ ನೀರು ಬಿಟ್ಟರೆ ಅದು ಬಟ್ಟೆಯ ನೇಯ್ಗೆಯೊಳಗೆ ಗಟ್ಟಿಯಾಗಿ ಕೂಡುತ್ತದೆ, ಆಮೇಲೆ ಸುತ್ತಿದಾಗಲೆಲ್ಲ ಮರಳುಕಾಗದದ ಹಾಗೆ ಉಜ್ಜುತ್ತದೆ.

ಗಾಳಿಗೆ ವಾಟ ಉತ್ತರವಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ ಮಳೆಗಿಂತ ಮುಂಚೆ ಗಾಳಿ ಬರುತ್ತದೆ, ಕೆಂಧೂಳು ಎದ್ದು ಬೇವಿನ ಮರ ಒಂದೇ ಕಡೆ ಬಾಗುತ್ತದೆ. ಆಗ ಹಗ್ಗ ಬಿಗಿಯುತ್ತ ನಿಲ್ಲಬೇಡಿ, ಸುತ್ತಿಬಿಡಿ. ಆನಿಂಗ್ ಬಿಡಿಸಿಟ್ಟು ಗುಡಿಗೆ ಹೋಗಬೇಡಿ, ಬಿಡಿಸಿಟ್ಟು ಮಲಗಬೇಡಿ. ಹೊರಡುವ ಮುಂಚೆ ಎರಡೂ ತೋಳಿನ ಲಾಕ್ ಕೈಯಿಂದ ಎಳೆದು ನೋಡಿ, ಮೇಲೆ ಒಂದು ಪಟ್ಟೆ ಬಿಗಿಯಿರಿ. ಓಡುವ ಗಾಡಿಯಲ್ಲಿ ಅದು ಬಿಚ್ಚಿಕೊಂಡರೆ ಹಿಂದೆ ಬರುವ ಬೈಕಿನವನ ಗತಿ ಏನು?

ಒದ್ದೆ ಇದ್ದಾಗಲೇ ಸುತ್ತಬೇಕಾಗಿ ಬಂದರೆ ಸುತ್ತಿ, ಅದರಲ್ಲಿ ತಪ್ಪಿಲ್ಲ. ಮರುದಿನ ಎಲ್ಲಿ ನಿಲ್ಲಿಸುತ್ತೀರೋ ಅಲ್ಲಿ ಬಿಸಿಲು ಕಂಡ ಕೂಡಲೇ ಬಿಡಿಸಿ, ಒಳಮಗ್ಗುಲು ಕೈಗೆ ತಣ್ಣಗೆ ತಾಗದಷ್ಟು ಒಣಗಿಸಿ. ಮಾಸ್ತರರ ಹೊಸ ಬಟ್ಟೆ ಹೋದ ತಿಂಗಳು ಹಾಕಿಕೊಟ್ಟೆ. ಈ ಸಲ ತಗ್ಗಿಸುವ ಮೂಲೆ ಯಾವುದೆಂದು ಅವರ ಮನೆಯವರೇ ಆರಿಸಿದ್ದಾರೆ, ಹಿಂದಿನದು, ಒಲೆಯಿಂದ ದೂರ. ಆ ತೋಳಿಗೆ ಒಂದು ಕೆಂಪು ದಾರ ಕಟ್ಟಿಸಿಕೊಂಡು ಹೋದರು.