ನೆಗಡಿ ಮಾತ್ರೆ, ಸ್ಟೀರಾಯ್ಡ್ ಮತ್ತು ಎರಡು ಬಗೆಯ ಗ್ಲಾಕೋಮಾ

ಬೇರೆ ಕಾಯಿಲೆಗೆಂದು ನುಂಗುವ ಔಷಧ ಕಣ್ಣಿಗೆ ಏನು ಮಾಡುತ್ತದೆ ಎಂಬ ಅಧ್ಯಾಯದಲ್ಲಿ ನಾನು ಮೂರು ದಿನ ಒಂದೇ ಕಡೆ ಸಿಕ್ಕಿಕೊಂಡಿದ್ದೆ. ಸ್ಟೀರಾಯ್ಡ್‌ನಿಂದಲೂ ಗ್ಲಾಕೋಮಾ, ನೆಗಡಿ ಮಾತ್ರೆಯಿಂದಲೂ ಗ್ಲಾಕೋಮಾ. ಎರಡರಲ್ಲೂ ಏರುವುದು ದೃಷ್ಟಿನರವನ್ನು ಹಾಳುಮಾಡುವ ಕಣ್ಣಿನ ಒಳಒತ್ತಡವೇ. ಮತ್ತೆ ಎರಡಕ್ಕೂ ಬೇರೆ ಬೇರೆ ಪುಟ ಏಕೆ?

ಬಿಡಿಸಿದ್ದು ತೀರ್ಥಹಳ್ಳಿ ಹತ್ತಿರದ ಅಜ್ಜಿಮನೆಯ ದಂಬೆ, ಅಂದರೆ ಅಡಿಕೆ ಮರ ಸೀಳಿ ಮಾಡಿದ ನೀರಿನ ಕಾಲುವೆ. ಗುಡ್ಡದ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಹರಿದು ಬಚ್ಚಲಿಗೆ ಬರುತ್ತದೆ. ಒಳಗೆ ಪಾಚಿ ಕಟ್ಟಿದರೆ ಬಾಯಿ ತೆರೆದೇ ಇರುತ್ತದೆ, ಹರಿವು ಮಾತ್ರ ದಿನದಿಂದ ದಿನಕ್ಕೆ ಕುಗ್ಗುತ್ತದೆ. ಇದು ಸ್ಟೀರಾಯ್ಡ್. ಕಣ್ಣಿನೊಳಗೆ ಹರಿಯುವ ನೀರು (ಕಣ್ಣೀರಲ್ಲ) ಸೋಸಿ ಹೋಗುವ ಜರಡಿಯೇ ಬಿಗಿಯಾಗುತ್ತದೆ. ನೋವಿಲ್ಲ, ಕೆಂಪಿಲ್ಲ, ರೋಗಿಗೆ ಸುಳಿವೇ ಸಿಗುವುದಿಲ್ಲ. ಗಾಳಿಗೆ ಬಿದ್ದ ಅಡಿಕೆ ಹಾಳೆ ದಂಬೆಯ ಬಾಯಿಗೆ ಅಡ್ಡ ಕುಳಿತರೆ ನೀರು ಥಟ್ಟನೆ ನಿಲ್ಲುತ್ತದೆ. ಇದು ನೆಗಡಿ ಮಾತ್ರೆ. ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ.

ಇಷ್ಟು ಸುಲಭ. ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥವು ಪಾಪೆಯನ್ನು ಹಿಗ್ಗಿಸುತ್ತವೆ. ಪಾಪೆ ಹಿಗ್ಗಿದರೆ ನೀರಿನ ದಾರಿ ದೊಡ್ಡದಾಗಬೇಕಲ್ಲವೇ? ಇಲ್ಲ. ನಿಧಾನವಾಗಿ ನೋಡಿ. ನೀರು ಹುಟ್ಟುವುದು ಐರಿಸ್‌ನ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪರದೆಯ, ಹಿಂದೆ. ಪಾಪೆಯ ಮೂಲಕ ಮುಂದೆ ಬಂದು, ಐರಿಸ್ ಮತ್ತು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕೂಡುವ ಮೂಲೆಯಲ್ಲಿ ಹೊರಹೋಗುತ್ತದೆ. ಪಾಪೆ ಅರ್ಧ ಹಿಗ್ಗಿದ ಸ್ಥಿತಿಯಲ್ಲಿ ಐರಿಸ್‌ನ ಅಂಚು ಹಿಂದಿನ ಮಸೂರಕ್ಕೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಹಿಂದೆ ಸಿಕ್ಕಿಬಿದ್ದ ನೀರು ಐರಿಸ್ಸನ್ನು ಮುಂದಕ್ಕೆ ಉಬ್ಬಿಸುತ್ತದೆ, ಉಬ್ಬಿದ ಐರಿಸ್ ಮೂಲೆಯನ್ನು ಮುಚ್ಚುತ್ತದೆ. ಹಾಳೆ ಎಂದರೆ ಆ ಐರಿಸ್ಸೇ. ಮೂಲೆ ಮೊದಲೇ ಕಿರಿದಾಗಿದ್ದವರಿಗೆ ಮಾತ್ರ ಹೀಗಾಗುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ‘ಗ್ಲಾಕೋಮಾ ಇರುವವರು ಎಚ್ಚರ’ ಎಂದಿದ್ದರೆ ಯಾವ ಗ್ಲಾಕೋಮಾ ಎಂದು ಕೇಳಬೇಕು. ಮೂಲೆ ತೆರೆದಿದ್ದು ಚಿಕಿತ್ಸೆಯಲ್ಲಿರುವವರಿಗಿಂತ, ಕಿರಿದಾದ ಮೂಲೆ ಇದ್ದೂ ತಿಳಿಯದವರಿಗೇ ಅಪಾಯ ಹೆಚ್ಚು.

ಕಳೆದ ಮಳೆಗಾಲದಲ್ಲಿ ಅಜ್ಜಿ ನೆಗಡಿ ಮಾತ್ರೆ ಕೈಯಲ್ಲಿ ಹಿಡಿದು ಕುಳಿತಿದ್ದಾಗ, ‘ಅಜ್ಜಿ, ಒಂದು ನಿಮಿಷ ನೇರ ನೋಡಿ’ ಎಂದು ಕಿವಿಯ ಕಡೆಯಿಂದ ಅಡ್ಡವಾಗಿ ಟಾರ್ಚ್ ಬಿಟ್ಟೆ. ಮೂಗಿನ ಕಡೆಯ ಅರ್ಧ ಐರಿಸ್ ಪೂರಾ ನೆರಳಿನಲ್ಲಿತ್ತು. ಒಳಗಿನ ಜಾಗ ಆಳವಾಗಿದ್ದರೆ ಆ ಭಾಗಕ್ಕೂ ಬೆಳಕು ತಲುಪಬೇಕಿತ್ತು. ಟಾರ್ಚ್ ಹೇಳುವುದು ಸಂಶಯವನ್ನಷ್ಟೇ, ಖಚಿತವಾಗುವುದು ಆ ಮೂಲೆಯನ್ನೇ ನೋಡುವ ಪರೀಕ್ಷೆಯಾದ ಗೋನಿಯೋಸ್ಕೋಪಿಯಲ್ಲಿ. ಶಿವಮೊಗ್ಗಕ್ಕೆ ಕರೆತಂದೆವು. ಮೂಲೆ ಕಿರಿದೆಂದು ತಿಳಿದ ಮೇಲೆ ವೈದ್ಯರು ಲೇಸರ್‌ನಿಂದ ಐರಿಸ್‌ನಲ್ಲಿ ಸಣ್ಣ ತೂತು ಮಾಡಿದರು. ಹಿಂದಿನ ನೀರಿಗೆ ಅದು ಅಡ್ಡದಾರಿ.

ಟೊಪಿರಾಮೇಟ್ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ತಲೆನೋವಿಗೂ ಮೂರ್ಛೆರೋಗಕ್ಕೂ ಕೊಡುವ ಈ ಔಷಧದಲ್ಲಿ ಕಣ್ಣಿನ ಗೋಡೆಯ ಪದರಗಳ ನಡುವೆ ದ್ರವ ಸೇರಿ ಮಸೂರವನ್ನೂ ಐರಿಸ್ಸನ್ನೂ ಮುಂದೆ ತಳ್ಳುತ್ತದೆ. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಒಟ್ಟಿಗೆ. ಇಲ್ಲಿ ಲೇಸರ್ ತೂತಿನಿಂದ ಉಪಯೋಗವಿಲ್ಲ. ವೈದ್ಯರು ಔಷಧವನ್ನೇ ನಿಲ್ಲಿಸಬೇಕು.

ಉಳಿದವು ಚುಟುಕಾಗಿ. ಸ್ಟೀರಾಯ್ಡ್ ಪೊರೆಯನ್ನೂ ತರುತ್ತದೆ, ಅದೂ ಮಸೂರದ ಹಿಂಭಾಗದಲ್ಲಿ. ಹಾಗೆಂದು ರೋಗಿ ತಾನಾಗಿ ಮಾತ್ರೆ ಬಿಡುವಂತಿಲ್ಲ. ಕ್ಷಯಕ್ಕೆ ಕೊಡುವ ಎಥಾಂಬ್ಯುಟಾಲ್ ದೃಷ್ಟಿನರಕ್ಕೆ ತಾಗಿದರೆ ಕೆಂಪು-ಹಸಿರು ಗುರುತಿಸುವುದು ಕಷ್ಟವಾಗಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಅಪಾಯ ಹೆಚ್ಚು. ಸಂಧಿವಾತದ ಹೈಡ್ರಾಕ್ಸಿಕ್ಲೋರೋಕ್ವಿನ್ ದಿನಕ್ಕೆ ದೇಹತೂಕದ ಕಿಲೋಗೆ 5 ಮಿಲಿಗ್ರಾಂ ದಾಟಬಾರದು. 40 ಕಿಲೋ ತೂಗುವ ಹೆಂಗಸಿಗೆ 200 ಮಿಲಿಗ್ರಾಂ ಅಷ್ಟೇ. ಎಲ್ಲರಿಗೂ 400 ಎಂದು ಬಾಯಿಪಾಠ ಮಾಡಿದರೆ ಆಕೆಗೆ ಎರಡು ಪಟ್ಟಾಯಿತು. ಈ ಔಷಧದಿಂದ ಅಕ್ಷಿಪಟಲಕ್ಕೆ (ರೆಟಿನಾ) ಆದ ಹಾನಿ ಔಷಧ ಬಿಟ್ಟರೂ ಮರಳುವುದಿಲ್ಲ.

ಟ್ಯಾಮ್ಸುಲೋಸಿನ್ ಪ್ರಾಸ್ಟೇಟ್ ಮಾತ್ರೆ. ಇದನ್ನು ತೆಗೆದುಕೊಂಡವರ ಐರಿಸ್ ಪೊರೆಯ ಶಸ್ತ್ರಚಿಕಿತ್ಸೆಯ ನಡುವೆ ಸಡಿಲ ಬಟ್ಟೆಯಂತೆ ಅಲುಗಾಡಬಹುದು, ಪಾಪೆ ಕುಗ್ಗಬಹುದು. 2005ರಲ್ಲಿ ಇದನ್ನು ಮೊದಲು ವಿವರಿಸಿದರು. ಮಾತ್ರೆ ಬಿಟ್ಟು ಬಹಳ ದಿನವಾಗಿದ್ದರೂ ಹೀಗಾಗಬಹುದು. ‘ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದರೆ ಹಿರಿಯರು ಬಿಪಿ, ಶುಗರ್ ಎಂದು ಹೇಳಿ ನಿಲ್ಲಿಸುತ್ತಾರೆ. ‘ಮೂತ್ರದ ತೊಂದರೆಗೆ ಹಿಂದೆ ಯಾವಾಗಲಾದರೂ ಮಾತ್ರೆ ತೆಗೆದುಕೊಂಡಿದ್ದಿರಾ?’ ಎಂದು ಬೇರೆಯಾಗಿಯೇ ಕೇಳಿ.