ಅಕ್ವೇರಿಯಂನಲ್ಲಿ ಯಾರಿಗೆ ಯಾರು ಹೊಂದುತ್ತಾರೆ?

ನಮ್ಮಲ್ಲಿ ಅಕ್ವೇರಿಯಂ ಮೀನು ಮಾರುವುದು ಹೆಚ್ಚಾಗಿ ಜೋಡಿ ಲೆಕ್ಕದಲ್ಲಿ. ಗಪ್ಪಿ ಜೋಡಿಗೆ ಇಷ್ಟು, ಏಂಜೆಲ್ ಜೋಡಿಗೆ ಇಷ್ಟು. ಹೀಗಾಗಿ ಎರಡು ಅಡಿ ಟ್ಯಾಂಕ್ ಕೊಂಡವರು ಎಲ್ಲದರಲ್ಲೂ ಒಂದೊಂದು ಜೋಡಿ ತರುತ್ತಾರೆ. ಗೋಲ್ಡ್ ಫಿಶ್, ಏಂಜೆಲ್, ಟೈಗರ್ ಬಾರ್ಬ್, ಗಪ್ಪಿ, ನಿಯಾನ್ ಟೆಟ್ರಾ. ಮೊದಲ ದಿನ ನೋಡೋಕೆ ಬಲು ಚೆಂದ. ಎರಡು ವಾರ ಕಳೆಯುವಷ್ಟರಲ್ಲಿ ಒಂದೊಂದಾಗಿ ಸಾಯತೊಡಗುತ್ತವೆ.

ಆಗ ಮನೆಯಲ್ಲಿ ಯಾರಾದರೂ ಹೇಳುತ್ತಾರೆ: "ಹೋಗ್ಲಿ ಬಿಡು, ಮನೆಗೆ ಬರೋ ಕಂಟಕಾನ ಮೀನು ತಗೊಂಡು ಹೋಯ್ತು." ನನಗೆ ಸಿಟ್ಟು ಬರುವುದು ಇಲ್ಲೇ. ಈ ಒಂದು ಮಾತಿನಿಂದ ಸಾವಿನ ಕಾರಣ ಹುಡುಕುವ ಕೆಲಸವೇ ನಿಂತುಹೋಗುತ್ತದೆ. ಸತ್ತದ್ದರ ಜಾಗಕ್ಕೆ ಇನ್ನೊಂದು ಬರುತ್ತದೆ. ಅದೂ ಸಾಯುತ್ತದೆ. ಮನೆಗೆ ಅಷ್ಟೊಂದು ಕಂಟಕ ಎಲ್ಲಿಂದ ಬರಬೇಕು?

ಮೀನುಗಳ ಹೊಂದಾಣಿಕೆ ಅಂದರೆ ಜನ ಜಗಳದ ಬಗ್ಗೆ ಮಾತ್ರ ಯೋಚಿಸುತ್ತಾರೆ. ಜಗಳವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಸಣ್ಣ ಟ್ಯಾಂಕಿನಲ್ಲಿ ಅದಕ್ಕಿಂತ ದೊಡ್ಡ ಕೊಲೆಗಾರ ಅಮೋನಿಯಾ. ನಾವು ಬೇಡದ ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಬಿಡುತ್ತೇವೆ. ಮೀನುಗಳು ಆ ತೊಂದರೆ ತೆಗೆದುಕೊಳ್ಳುವುದಿಲ್ಲ. ಹೆಚ್ಚಿನ ಪಾಲನ್ನು ಅಮೋನಿಯಾ ರೂಪದಲ್ಲೇ ಕಿವಿರುಗಳಿಂದ ನೀರಿಗೆ ಬಿಡುತ್ತವೆ. ಹೊಳೆಯಲ್ಲಾದರೆ ಅದು ಕೊಚ್ಚಿಹೋಗುತ್ತದೆ. ಐವತ್ತು ಲೀಟರ್ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಬಿಟ್ಟ ಮೀನೇ ಅದನ್ನು ಮತ್ತೆ ಉಸಿರಾಡುತ್ತದೆ.

ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ನೈಟ್ರೇಟ್ ಅಷ್ಟಿಲ್ಲ. ಇವು ಫಿಲ್ಟರಿನ ಸ್ಪಾಂಜಿನಲ್ಲಿ, ತಳದ ಜಲ್ಲಿಯಲ್ಲಿ ನೆಲೆಸುತ್ತವೆ. ಆದರೆ ನಿಧಾನಕ್ಕೆ ಬೆಳೆಯುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ಸಾಕಷ್ಟಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಐದು ಜೋಡಿ ಮೀನು ಬಿಡುವುದು, ಬಚ್ಚಲಿಗೆ ಪೈಪ್ ಹಾಕುವ ಮೊದಲೇ ಮನೆಗೆ ಮದುವೆ ದಿಬ್ಬಣ ಕರೆದ ಹಾಗೆ. ಇಷ್ಟರ ಮೇಲೆ ಮೀನು ಸತ್ತಾಗ ಜನ ಮಾಡುವುದೇನು? ನೀರೆಲ್ಲ ಚೆಲ್ಲಿ, ಸ್ಪಾಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯುತ್ತಾರೆ. ಅಷ್ಟಿಷ್ಟು ಬೆಳೆದಿದ್ದ ಬ್ಯಾಕ್ಟೀರಿಯಾವೂ ಹೋಯಿತು. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿದರೆ ಸಾಕು.

ಅಮೋನಿಯಾದ ನಿಜವಾದ ಆಟ ಇರುವುದು ಪಿಎಚ್‌ನಲ್ಲಿ. ಪಿಎಚ್ ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಮೋನಿಯಾ, ಇನ್ನೊಂದು ಅದಕ್ಕೆ ಒಂದು ಹೈಡ್ರೋಜನ್ ಅಯಾನು ಅಂಟಿಕೊಂಡ ಅಮೋನಿಯಂ. ಮೊದಲನೆಯದು ಕಿವಿರಿನ ಪೊರೆ ದಾಟಿ ಸಲೀಸಾಗಿ ಒಳನುಗ್ಗುತ್ತದೆ. ಎರಡನೆಯದಕ್ಕೆ ವಿದ್ಯುದಂಶ ಇರುವುದರಿಂದ ಅಷ್ಟು ಸುಲಭವಲ್ಲ. 25 ಡಿಗ್ರಿ ಶಾಖದಲ್ಲಿ, ಪಿಎಚ್ 7 ಇದ್ದರೆ, ಒಟ್ಟು ಮೊತ್ತದಲ್ಲಿ ವಿಷದ ರೂಪ ಇರುವುದು ಶೇ. 0.6ರಷ್ಟು. ಪಿಎಚ್ 8 ಆದರೆ ಶೇ. 5ಕ್ಕಿಂತ ಜಾಸ್ತಿ. 9 ಆದರೆ ಮೂರನೇ ಒಂದು ಪಾಲಿಗೂ ಹೆಚ್ಚು! ಮೀನು ಅಷ್ಟೇ, ಹೊಲಸೂ ಅಷ್ಟೇ, ವಿಷ ಮಾತ್ರ ಹತ್ತಾರು ಪಟ್ಟು. ಮೃದು ನೀರಿನ, ಅಂದರೆ ಕರಗಿದ ಲವಣ ಕಡಿಮೆ ಇರುವ ನೀರಿನ, ಟ್ಯಾಂಕ್ ಹಳೆಯದಾದಂತೆ ಆಮ್ಲೀಯವಾಗುತ್ತದೆ. ಸೇರಿಕೊಂಡಿದ್ದೆಲ್ಲ ಅಮೋನಿಯಂ ಆಗಿ ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಕಾವೇರಿ ನೀರು ನಿಂತು ಟ್ಯಾಂಕರಿನ ಬೋರ್‌ವೆಲ್ ನೀರು ಬಂತು, ಅದನ್ನೇ ಸುರಿದಿರಿ ಅನ್ನಿ. ಪಿಎಚ್ ಏರಿತು, ಅಮೋನಿಯಂ ಅಮೋನಿಯಾ ಆಯಿತು. ಬೆಳಿಗ್ಗೆ ನೋಡಿದರೆ ಮೀನುಗಳಿಲ್ಲ. ಇದನ್ನು ದೃಷ್ಟಿ ಅಂತಾರೆ.

ಈಗ ಗೋಲ್ಡ್ ಫಿಶ್ ವಿಷಯ. ಒಂದು ಗ್ಯಾಲನ್ ನೀರಿಗೆ ಒಂದು ಅಂಗುಲ ಮೀನು ಎಂಬ ಹಳೇ ಸೂತ್ರ ಇನ್ನೂ ಓಡಾಡುತ್ತಿದೆ. ಅದರ ಪ್ರಕಾರ ಹತ್ತು ಸೆಂಟಿಮೀಟರಿನ ಒಂದು ಗೋಲ್ಡ್ ಫಿಶ್, ಎರಡೂವರೆ ಸೆಂಟಿಮೀಟರಿನ ನಾಲ್ಕು ನಿಯಾನ್ ಟೆಟ್ರಾಗಳಿಗೆ ಸಮ. ಆದರೆ ಉದ್ದ ನಾಲ್ಕು ಪಟ್ಟಾದರೆ ಅಗಲವೂ ದಪ್ಪವೂ ನಾಲ್ಕು ಪಟ್ಟಾಗುತ್ತವೆ ಅಲ್ವಾ? ತೂಕ 64 ಪಟ್ಟು. ಹೊಲಸು ಪೂರಾ ಅಷ್ಟು ಏರುವುದಿಲ್ಲ. ದೊಡ್ಡ ಪ್ರಾಣಿಗಳ ಒಡಲು ಆಹಾರ ಉರಿಸುವುದು ತೂಕಕ್ಕೆ ಹೋಲಿಸಿದರೆ ನಿಧಾನ ಎಂದು ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ್ದ. ಆ ಲೆಕ್ಕ ಹಿಡಿದರೂ ಒಂದು ಗೋಲ್ಡ್ ಫಿಶ್ ಸುಮಾರು 23 ನಿಯಾನ್‌ಗಳಷ್ಟು ಗಲೀಜು ಮಾಡುತ್ತದೆ. ವಾಸ್ತು ಹೇಳುವವರು ಎಂಟು ಕೆಂಪು, ಒಂದು ಕಪ್ಪು, ಒಟ್ಟು ಒಂಬತ್ತು ಗೋಲ್ಡ್ ಫಿಶ್ ಇಡಿ ಅನ್ನುತ್ತಾರೆ. ಅವು ಅಷ್ಟು ಬೆಳೆದರೆ ಇನ್ನೂರು ನಿಯಾನ್ ಸಾಕಿದಂತೆ. ದಿಕ್ಕು ಈಶಾನ್ಯವಾದರೂ ಅಷ್ಟೇ, ನೈಋತ್ಯವಾದರೂ ಅಷ್ಟೇ. ಗೋಲ್ಡ್ ಫಿಶ್ ಮೂಲದಲ್ಲಿ ತಂಪು ನೀರಿನ ಮೀನು ಬೇರೆ. ಎರಡು ಅಡಿ ಟ್ಯಾಂಕಿಗೆ ಅದು ಬೇಡವೇ ಬೇಡ.

ಜಗಳಕ್ಕೆ ಬರೋಣ. ಸುಮಾತ್ರಾ, ಬೋರ್ನಿಯೊ ಕಡೆಯ ಟೈಗರ್ ಬಾರ್ಬ್‌ಗೆ ಪೋಕರಿ ಎಂಬ ಹೆಸರಿದೆ. ಎರಡೇ ಇದ್ದರೆ ಏಂಜೆಲ್, ಗಪ್ಪಿಗಳ ರೆಕ್ಕೆ ಬಾಲ ಕಚ್ಚಿ ಹರಿಯುತ್ತವೆ. ಎಂಟು ಹತ್ತು ಇದ್ದರೆ ಯಾರು ಮೇಲು ಎಂಬ ಪೈಪೋಟಿ ತಮ್ಮತಮ್ಮಲ್ಲೇ ನಡೆಯುತ್ತದೆ, ಬೇರೆಯವರ ತಂಟೆ ಕಡಿಮೆಯಾಗುತ್ತದೆ. ಜೋಡಿ ಲೆಕ್ಕ ಇಲ್ಲಿ ಪೂರಾ ತಲೆಕೆಳಗು. ನಿಯಾನ್‌ಗಳೂ ಗುಂಪಿನ ಮೀನೇ. ಎರಡೇ ಬಿಟ್ಟರೆ ಗಿಡದ ಮರೆಯಲ್ಲಿ ಬಣ್ಣ ಕಳೆದುಕೊಂಡು ನಿಲ್ಲುತ್ತವೆ. ತನ್ನ ಜಾತಿಯ ಗಂಡನ್ನು ಕಂಡರೆ ಕಾದಾಡುವ ಗಂಡು ಫೈಟರ್ ಮೀನಿನ ಜೊತೆ ಉದ್ದ ಬಾಲದ ಗಪ್ಪಿ ಬಿಡಬೇಡಿ. ಫೈಟರ್ ಕಣ್ಣಿಗೆ ಆ ಗಪ್ಪಿ ಇನ್ನೊಬ್ಬ ಗಂಡು ಫೈಟರ್.

ಹಾಗಾದರೆ ಯಾವುದು ಸರಿ? ಮೊದಲು ನಿಮ್ಮ ಮನೆ ನೀರು ನೋಡಿ. ಬಕೆಟ್ಟಿನಲ್ಲಿ ಬಿಳಿ ಕರೆ ಕಟ್ಟುವ ಬೋರ್‌ವೆಲ್ ನೀರಾದರೆ ಗಪ್ಪಿ, ಪ್ಲಾಟಿಗಳಿಗೆ ಸುಖ. ಇವು ಮರಿ ಹಾಕುವ ಮೀನುಗಳು. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು. ಹಾಗಾಗಿ ಗಂಡುಗಳನ್ನಷ್ಟೇ ತರುವುದು ಜಾಣತನ.

ಇವುಗಳ ಜೊತೆಗೆ ಜೀಬ್ರಾ ಮೀನು ಚೆನ್ನಾಗಿ ಹೊಂದುತ್ತದೆ. ಇದು ನಮ್ಮ ದೇಶದ್ದೇ. ವಿಜ್ಞಾನಕ್ಕೆ ಇದನ್ನು 1822ರಲ್ಲಿ ಪರಿಚಯಿಸಿದ್ದು ಫ್ರಾನ್ಸಿಸ್ ಬುಕನನ್. ಹೌದು, ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಊರೂರು ಅಲೆದು ಬೆಳೆ, ಮಣ್ಣು, ಜಾತಿ ಎಲ್ಲ ಬರೆದಿಟ್ಟ ಅದೇ ಬುಕನನ್. ಆಮೇಲೆ ಅವನು ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು ಗಂಗಾ ಬಯಲಿನ ಮೀನುಗಳ ಬಗ್ಗೆ ಬರೆದ. ಅವನ ಆ ಪಟ್ಟೆ ಮೀನು ಇವತ್ತು ಜಗತ್ತಿನ ಜೀವವಿಜ್ಞಾನ ಪ್ರಯೋಗಾಲಯಗಳಲ್ಲಿದೆ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೂ ಇದೆ. ಶಾಖ, ನೀರು ತುಸು ಆಚೀಚೆಯಾದರೂ ತಡೆದುಕೊಳ್ಳುವ ಗಟ್ಟಿ ಮೀನು. ಹೊಸ ಟ್ಯಾಂಕಿಗೆ ಬ್ಯಾಕ್ಟೀರಿಯಾ ಕೂತ ಮೇಲೆ ಮೊದಲು ಆರು ಜೀಬ್ರಾ ಬಿಡಿ. ಎರಡು ವಾರ ಬಿಟ್ಟು ಐದಾರು ಗಂಡು ಗಪ್ಪಿ. ಅಷ್ಟೇ ಸಾಕು.

ಮಲೆನಾಡು, ಕರಾವಳಿಯ ತೆರೆದ ಬಾವಿಯ ಮೃದು ನೀರಿಗೆ ಅಮೆಜಾನ್ ಮೀನುಗಳು ಸರಿ. ಎಂಟು ಹತ್ತು ನಿಯಾನ್, ತಳದಲ್ಲಿ ಐದಾರು ಸಣ್ಣ ಕೋರಿಡೋರಸ್ (ತಳದಲ್ಲೇ ಓಡಾಡುವ ಮೀಸೆ ಮೀನು). ಏಂಜೆಲ್ ಕೂಡ ಅಮೆಜಾನಿನದೇ ಅಲ್ವಾ, ಜೊತೆಗೆ ಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ನೀರೇನೋ ಹೊಂದುತ್ತದೆ. ಆದರೆ ಏಂಜೆಲ್ ಬೆಳೆದು ದೊಡ್ಡದಾದ ಮೇಲೆ ನಿಯಾನ್ ಅದರ ಬಾಯಿಗೂ ಹೊಂದುತ್ತದೆ. ಏಂಜೆಲ್ ಬೇಕೇ ಬೇಕು ಅನ್ನುವವರು ಎತ್ತರದ ದೊಡ್ಡ ಟ್ಯಾಂಕ್ ಮಾಡಿಸಿ, ನಿಯಾನ್ ಆಸೆ ಬಿಡಬೇಕು.