ಚುಕ್ಕಿ ಸಿಕ್ಕಿತು, ಕಕ್ಷೆ ಇನ್ನೂ ಸಿಗಬೇಕು

ವಿದ್ಯಾರ್ಥಿಯೊಬ್ಬರು ಕ್ಷುದ್ರಗ್ರಹ ಪತ್ತೆ ಮಾಡಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ದಾವಣಗೆರೆಯ ಪೋಷಕರು ನನಗೆ ಕರೆ ಮಾಡುತ್ತಾರೆ. ಭೌತಶಾಸ್ತ್ರದ ಮೇಷ್ಟರಿಗೆ ಅವರು ಕೇಳುವುದು ಒಂದೇ: ‘ನಮ್ಮ ಮಗಳ ಹೆಸರನ್ನು ಅದಕ್ಕೆ ಇಡುತ್ತಾರೆಯೇ?’ ಮಗಳು ಕಂಡದ್ದು ಒಂದು ಚುಕ್ಕಿಯನ್ನು. ಅದರ ಕಕ್ಷೆ ಗೊತ್ತಾಗುವವರೆಗೆ ಅದಕ್ಕೆ ಆಕಾಶದಲ್ಲಿ ವಿಳಾಸವೇ ಇರುವುದಿಲ್ಲ.

ವಿದ್ಯಾರ್ಥಿಗಳು ಭಾಗವಹಿಸುವ ಈ ಕ್ಷುದ್ರಗ್ರಹ ಹುಡುಕಾಟದಲ್ಲಿ ಮಕ್ಕಳ ಮುಂದಿರುವುದು ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದಂಥ ದೊಡ್ಡ ಉಪಕರಣಗಳು ತೆಗೆದ ಚಿತ್ರಗಳು. ಆಕಾಶದ ಒಂದೇ ತುಣುಕನ್ನು ಕೆಲವು ನಿಮಿಷಗಳ ಅಂತರದಲ್ಲಿ ನಾಲ್ಕು ಸಲ ತೆಗೆದಿರುತ್ತಾರೆ. ಕಂಪ್ಯೂಟರಿನಲ್ಲಿ ಅವುಗಳನ್ನು ಒಂದರ ಹಿಂದೊಂದರಂತೆ ಮಿನುಗಿಸಿದರೆ ನಕ್ಷತ್ರಗಳು ಅಲುಗುವುದಿಲ್ಲ; ಮಸುಕಾದ ಒಂದು ಚುಕ್ಕಿ ಮಾತ್ರ ಸಮನಾದ ಹೆಜ್ಜೆಯಿಟ್ಟು ನೇರ ಗೆರೆಯಲ್ಲಿ ಸರಿಯುತ್ತದೆ. ಒಂದೇ ಚಿತ್ರದಲ್ಲಿ ಕಾಣಿಸಿ ಮಾಯವಾದರೆ ಅದು ವಿಶ್ವಕಿರಣದ, ಅಂದರೆ ಬಾಹ್ಯಾಕಾಶದಿಂದ ಬಂದು ಕ್ಯಾಮೆರಾಕ್ಕೆ ಬಡಿದ ಕಣದ, ಗುರುತಾಗಿರಬಹುದು. ಹೆಜ್ಜೆ ಏರುಪೇರಾಗಿದ್ದರೆ ಕೈಬಿಡಬೇಕು. ಮಕ್ಕಳಿಗೆ ಬೇಸರವಾದರೂ ಈ ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಬಂಡೆಗಳು ಸುತ್ತುವ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿದ್ದಾಗ ಗಂಟೆಗೆ ಸುಮಾರು ಅರ್ಧ ಕೋನ ನಿಮಿಷದಷ್ಟು (ಒಂದು ಕೋನ ನಿಮಿಷವೆಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಪಶ್ಚಿಮಕ್ಕೆ ಜಾರುತ್ತದೆ. ಚಿತ್ರದುರ್ಗದ ಹೆದ್ದಾರಿಯಲ್ಲಿ ನಮ್ಮ ಬಸ್ಸು ಲಾರಿಯನ್ನು ಹಿಂದಿಕ್ಕುವಾಗ, ದೂರದ ಗುಡ್ಡದ ಗಾಳಿಯಂತ್ರಗಳ ಎದುರು ಆ ಲಾರಿ ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ಪಂಚಾಂಗದವರು ವಕ್ರಗತಿ ಎನ್ನುವುದೂ ಅದನ್ನೇ. ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡಿದರೆ ಪಟ್ಟಿಯ ನಡುವಿನ ಬಂಡೆ ಸುಮಾರು 18 ಕಿ.ಮೀ. ಮಾತ್ರ ಓಡುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ವೆಸ್ಟಾ ಎಂಬ ಕ್ಷುದ್ರಗ್ರಹ ಇದೆ. ಸುಮಾರು 17 ತಿಂಗಳಿಗೊಮ್ಮೆ ಅದು ಎದುರಿಗೆ ಬರುತ್ತದೆ. ಊರಿನ ದೀಪಗಳಿಂದ ದೂರ, ಚಳ್ಳಕೆರೆ ಕಡೆಯ ಬಯಲಿನಲ್ಲಿ ಸಾಮಾನ್ಯ ಬೈನಾಕ್ಯುಲರ್ ಹಿಡಿದು ಸುತ್ತಲಿನ ನಕ್ಷತ್ರಗಳ ಸಮೇತ ಅದರ ಜಾಗವನ್ನು ಕಾಗದದ ಮೇಲೆ ಗುರುತಿಸಿ. ಎರಡು ಮೂರು ರಾತ್ರಿ ಬಿಟ್ಟು ಮತ್ತೆ ಗುರುತಿಸಿ. ಒಂದು ಚುಕ್ಕಿ ಜಾಗ ಬದಲಿಸಿರುತ್ತದೆ.

1801ರ ಜನವರಿ 1ರಂದು ಇಟಲಿಯ ಪಾಲೆರ್ಮೋದಲ್ಲಿ ಖಗೋಳಜ್ಞ ಜುಸೆಪ್ಪೆ ಪಿಯಾಜಿ ಮೊದಲ ಕ್ಷುದ್ರಗ್ರಹ ಸೀರಿಸ್ ಕಂಡದ್ದೂ ಹೀಗೆಯೇ. ಫೆಬ್ರುವರಿ 11ರವರೆಗೆ ಅದನ್ನು ಹಿಂಬಾಲಿಸಿದ. ಆಮೇಲೆ ಸೀರಿಸ್ ಸೂರ್ಯನ ಬೆಳಕಿನಲ್ಲಿ ಕಳೆದುಹೋಯಿತು. ಮತ್ತೆ ಎಲ್ಲಿ ಹುಡುಕಬೇಕೆಂದು ಯಾರಿಗೂ ತಿಳಿಯಲಿಲ್ಲ. ಏಕೆಂದರೆ ವೀಕ್ಷಣೆ ಕೊಡುವುದು ದಿಕ್ಕನ್ನು ಮಾತ್ರ, ದೂರವನ್ನಲ್ಲ. ಹತ್ತಿರದ ನಿಧಾನದ ಕಾಯವೂ ದೂರದ ವೇಗದ ಕಾಯವೂ ಒಂದೇ ರೀತಿ ಸರಿಯಬಹುದು. ಕಕ್ಷೆಯನ್ನು ಹೇಳಲು ಆರು ಸಂಖ್ಯೆಗಳು ಬೇಕು. ಒಂದು ವೀಕ್ಷಣೆ ಎರಡು ಕೋನಗಳನ್ನು ಕೊಡುತ್ತದೆ. ಆದ್ದರಿಂದ ಕನಿಷ್ಠ ಮೂರು ವೀಕ್ಷಣೆಗಳು. 24ರ ಹರೆಯದ ಜರ್ಮನ್ ಗಣಿತಜ್ಞ ಗೌಸ್ ಈ ಲೆಕ್ಕ ಬಿಡಿಸಿದ. ಅವನು ಹೇಳಿದ ಜಾಗದ ಬಳಿಯಲ್ಲೇ ಆ ವರ್ಷದ ಕೊನೆಯಲ್ಲಿ ಸೀರಿಸ್ ಮತ್ತೆ ಸಿಕ್ಕಿತು. ಇಡೀ ಖಗೋಳ ಇತಿಹಾಸದಲ್ಲಿ ನನಗೆ ಇಷ್ಟು ಪ್ರಿಯವಾದ ಲೆಕ್ಕ ಇನ್ನೊಂದಿಲ್ಲ.

ದೂರ ಸಿಕ್ಕಿದ ಮೇಲೆ ಸೂರ್ಯನ ಸುತ್ತ ಒಂದು ಸುತ್ತಿಗೆ ಬೇಕಾದ ಅವಧಿ ಕೆಪ್ಲರನ ಮೂರನೆಯ ನಿಯಮದಿಂದ ಸಿಗುತ್ತದೆ. 1861ರಲ್ಲಿ ಮದ್ರಾಸಿನಿಂದ ನಾರ್ಮನ್ ಪೋಗ್ಸನ್ ಕಂಡುಹಿಡಿದ ‘ಏಷ್ಯಾ’ ಎಂಬ ಕ್ಷುದ್ರಗ್ರಹ ಸೂರ್ಯನಿಂದ ಸರಾಸರಿ 2.42 ಖಗೋಳಮಾನ (ಭೂಮಿ-ಸೂರ್ಯರ ಸರಾಸರಿ ದೂರವೇ ಒಂದು ಖಗೋಳಮಾನ) ದೂರದಲ್ಲಿದೆ. 2.42ರ ಘನದ ವರ್ಗಮೂಲ ತೆಗೆದರೆ ಬರುವ 3.77 ವರ್ಷವೇ ಅದರ ಒಂದು ಸುತ್ತು. ಪಿಯುಸಿಯವರೂ ಮಾಡಬಹುದಾದ ಲೆಕ್ಕ.

ಈಗಿನ ಕ್ರಮಕ್ಕೆ ಬರುತ್ತೇನೆ. ಮಕ್ಕಳು ಕಳಿಸಿದ ಅಳತೆ ಮೊದಲು ‘ಪ್ರಾಥಮಿಕ ಪತ್ತೆ’ ಮಾತ್ರ. ಇನ್ನೊಂದು ರಾತ್ರಿಯ ವೀಕ್ಷಣೆ ಜೊತೆಯಾದ ಮೇಲೆ ಕ್ಷುದ್ರಗ್ರಹಗಳ ಜಾಗತಿಕ ದಾಖಲೆ ಇಡುವ ಮೈನರ್ ಪ್ಲಾನೆಟ್ ಸೆಂಟರ್ ತಾತ್ಕಾಲಿಕ ಗುರುತು ಕೊಡುತ್ತದೆ. ಅದರಲ್ಲಿ ವರ್ಷ, ನಂತರ ಯಾವ ಅರ್ಧ ತಿಂಗಳು ಎಂಬ ಅಕ್ಷರ ಇರುತ್ತದೆ. ಬಳಿಕ ಕಾಯುವುದೇ ಕೆಲಸ. ಪಟ್ಟಿಯ ಬಹುಪಾಲು ಬಂಡೆಗಳು ಮತ್ತೆ ಎದುರಿಗೆ ಬರಲು ಒಂದೂಕಾಲು ವರ್ಷಕ್ಕೂ ಹೆಚ್ಚು ಬೇಕು. ಶಾಶ್ವತ ಸಂಖ್ಯೆ ಸಿಗಲು ಸಾಮಾನ್ಯವಾಗಿ ಇಂಥ ನಾಲ್ಕು ಸರದಿಗಳಲ್ಲಾದರೂ ಅದು ಕಂಡಿರಬೇಕು. ಹೆಸರು ಸೂಚಿಸುವ ಅವಕಾಶ ಅದರ ನಂತರದ್ದು, ಅದೂ ಪತ್ತೆದಾರರು ತಮ್ಮ ಹೆಸರನ್ನೇ ಇಡುವ ಸಂಪ್ರದಾಯವಿಲ್ಲ. 1988ರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಸಿಕ್ಕಿದ ಕ್ಷುದ್ರಗ್ರಹ 4130ಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿದೆ.

ಹಾಗಾಗಿ ಪೋಷಕರಲ್ಲಿ ನನ್ನ ಕೋರಿಕೆ: ಹುಡುಕಾಟದಲ್ಲಿ ಮಗಳಿಗೆ ಸಿಕ್ಕ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ, ಸಂತೋಷ. ಜೊತೆಗೆ ತಾತ್ಕಾಲಿಕ ಗುರುತು ಬಂದಿದ್ದರೆ ಅದನ್ನು ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಸೆಂಟರಿನ ಜಾಲತಾಣದಲ್ಲಿ ಅದನ್ನು ಹಾಕಿದರೆ ಕಕ್ಷೆಯ ಆರೂ ಸಂಖ್ಯೆಗಳು ಕಾಣುತ್ತವೆ. ಪ್ರತಿ ಹೊಸ ವೀಕ್ಷಣೆಗೂ ಅವು ಇನ್ನಷ್ಟು ನಿಖರವಾಗುತ್ತಾ ಹೋಗುವುದನ್ನು ಅವಳೇ ನೋಡಲಿ.